ಕ್ರಾಯ್ಡನ್‌ನಿಂದ ಡಾರ್ವಿನ್‌ಗೆ ಎಷ್ಟು ದೂರ?

ಕಳೆದ ತಿಂಗಳು ಧಾರವಾಡದಿಂದ ಅಕ್ಕ ಫೋನ್ ಮಾಡಿ, ಬೆಂಗಳೂರಿನಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂದು ವಿಚಾರಿಸಿದಳು. ಆಕೆಯ ಮಗಳು ಅಲ್ಲಿ ವೈದ್ಯೆ. ತಾಯಿಯನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವ ಯೋಚನೆ ಆಕೆಗೆ. ಎಪ್ಪತ್ತರ ಗಡಿ ತಲುಪಿರುವ ಅಕ್ಕ ಇದುವರೆಗೆ ದೇಶ ದಾಟಿದವಳಲ್ಲ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಬಂಧುಬಳಗದಲ್ಲಿ ನನಗೆ ಉಳಿದಿರುವ ಹುದ್ದೆ ಇಂಥ ಮಾಹಿತಿಗಳನ್ನು ಒದಗಿಸುವುದೊಂದೇ ಆದ್ದರಿಂದ, ಕೂಡಲೇ ಕಂಪ್ಯೂಟರ್ ಮುಂದೆ ಕುಳಿತೆ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ಕ್ಷಣಾರ್ಧದಲ್ಲಿ ಉತ್ತರ. ನೇರ ದೂರ ಸುಮಾರು 6,500 ಕಿಲೋಮೀಟರ್. ನೇರ ವಿಮಾನವಿಲ್ಲ, ಸಿಂಗಪುರದಲ್ಲಿ ಇಳಿದು ಇನ್ನೊಂದನ್ನು ಹತ್ತಬೇಕು. ಎರಡೂ ಹಾರಾಟಗಳು ಹೆಚ್ಚುಕಡಿಮೆ ತಲಾ ನಾಲ್ಕೂವರೆ ಗಂಟೆ. ನಡುವಿನ ಕಾಯುವಿಕೆಯನ್ನು ಬಿಟ್ಟರೆ ಒಂಬತ್ತು ಗಂಟೆಗಳಲ್ಲಿ ಕೆಲಸ ಮುಗಿಯಿತು.

ಅಕ್ಕನಿಗೆ ಲೆಕ್ಕ ಒಪ್ಪಿಸಿದ ಮೇಲೂ ನಾನು ಏಳಲಿಲ್ಲ. ಡಾರ್ವಿನ್ ಎಂಬ ಹೆಸರು ಬೇರೊಂದು ನೆನಪನ್ನು ಕೆದಕಿತ್ತು. ಹೊರಡುವ ನಿಲ್ದಾಣದ ಜಾಗದಲ್ಲಿ ಬೆಂಗಳೂರನ್ನು ಅಳಿಸಿ ಲಂಡನ್ ಎಂದು ಬರೆದೆ. ಸುಮಾರು 13,900 ಕಿಲೋಮೀಟರ್ ಎಂಬ ಉತ್ತರ ಬಂತು. ಇದು ಬರೀ ಕಾಗದದ ಲೆಕ್ಕವಲ್ಲ. ಕೋವಿಡ್ ಕಾಲದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ತನ್ನ ಗಡಿಯನ್ನು ಮುಚ್ಚಿದ್ದಾಗ, ಕ್ವಾಂಟಾಸ್ ಸಂಸ್ಥೆ ಪರ್ತ್‌ನ ಬದಲು ಡಾರ್ವಿನ್‌ನಿಂದ ಲಂಡನ್‌ಗೆ 2021ರ ನವೆಂಬರ್‌ನಿಂದ ಕೆಲವು ತಿಂಗಳು ಎಲ್ಲಿಯೂ ಇಳಿಯದ ವಿಮಾನವನ್ನು ಓಡಿಸಿತ್ತು. ಹದಿನೇಳು ಗಂಟೆಯ ಆಸುಪಾಸಿನ ಪ್ರಯಾಣ. ಇದೇ ಎರಡು ಊರುಗಳ ನಡುವೆ 1930ರ ಮೇ ತಿಂಗಳಲ್ಲಿ ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳು ಒಂಟಿಯಾಗಿ ವಿಮಾನ ಹಾರಿಸಿಕೊಂಡು ಹೋಗಿದ್ದಳು. ಆಕೆ ಕ್ರಮಿಸಿದ ದೂರ ಸುಮಾರು 18,000 ಕಿಲೋಮೀಟರ್. ತೆಗೆದುಕೊಂಡ ಕಾಲ ಹತ್ತೊಂಬತ್ತೂವರೆ ದಿನ. ಹೆಸರು ಏಮಿ ಜಾನ್ಸನ್.

ಈ ಹೆಸರು ನನ್ನ ತಲೆಮಾರಿನ ಕೆಲವರಿಗಾದರೂ ಗೊತ್ತಿರಬಹುದು. ನನಗೆ ಆಕೆಯ ಪರಿಚಯವಾದದ್ದು ತಡವಾಗಿ. 1990ರ ದಶಕದ ಕೊನೆಯಲ್ಲಿ ತರಬೇತಿಯೊಂದಕ್ಕೆಂದು ಸರ್ಕಾರ ಲಂಡನ್‌ಗೆ ಕಳುಹಿಸಿದ್ದಾಗ, ಒಂದು ಭಾನುವಾರ ಅಲ್ಲಿನ ಸೈನ್ಸ್ ಮ್ಯೂಸಿಯಂಗೆ ಹೋಗಿದ್ದೆ. ವಿಮಾನಗಳ ವಿಭಾಗದಲ್ಲಿ ತಲೆಯ ಮೇಲೆ ತೂಗಿಬಿಟ್ಟಿದ್ದ ಹಸಿರು ಬಣ್ಣದ ಪುಟ್ಟ ವಿಮಾನವೊಂದು ಕಂಡಿತು. ಮರದ ಒಡಲು, ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆಗಳು, ಮೇಲೆ ಮುಚ್ಚಳವಿಲ್ಲದ ಆಸನ. ರೆಕ್ಕೆಯ ತುದಿಯಿಂದ ತುದಿಗೆ ಒಂಬತ್ತು ಮೀಟರ್. ನಮ್ಮ ಊರಿನ ಹಳೆಯ ಮನೆಯ ಪಡಸಾಲೆಯಷ್ಟು. ಇದರಲ್ಲಿ ಕುಳಿತು ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹೋದಳೆಂದು ಫಲಕದಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಅಂದಿನಿಂದ ಆಕೆಯ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಆಕೆ ಓದಿದ್ದು ನಾನು ಓದಿದ ವಿಷಯವನ್ನೇ, ಅಂದರೆ ಅರ್ಥಶಾಸ್ತ್ರವನ್ನು, ಎಂಬುದು ಈ ಆಸಕ್ತಿಗೆ ಒಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಏಮಿ ಹುಟ್ಟಿದ್ದು 1903ರ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಅಜ್ಜ ಡೆನ್ಮಾರ್ಕಿನಿಂದ ವಲಸೆ ಬಂದವನು. ತಂದೆಯದು ಮೀನಿನ ಸಗಟು ವ್ಯಾಪಾರ, ಅನುಕೂಲಸ್ಥ ಮನೆತನ. ನಾಲ್ವರು ಹೆಣ್ಣುಮಕ್ಕಳಲ್ಲಿ ಈಕೆ ಹಿರಿಯಳು. ಷೆಫೀಲ್ಡ್ ವಿಶ್ವವಿದ್ಯಾಲಯದಿಂದ 1925ರಲ್ಲಿ ಬಿ.ಎ. ಪದವಿ ಪಡೆದಳು. ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದೇ ವಿರಳವಾಗಿದ್ದ ಕಾಲ ಅದು. ಹತ್ತಿ ಇಳಿದವರಿಗೂ ಶಾಲೆಯಲ್ಲಿ ಪಾಠ ಹೇಳುವುದನ್ನು ಬಿಟ್ಟರೆ ಬೇರೆ ದಾರಿ ಹೆಚ್ಚಿರಲಿಲ್ಲ. ಏಮಿಗೆ ಪಾಠ ಹೇಳುವುದು ಬೇಡವಾಗಿತ್ತು. ಬೆರಳಚ್ಚು ಕಲಿತು ಒಂದೆರಡು ಕಡೆ ದುಡಿದು, ಕೊನೆಗೆ ಲಂಡನ್‌ಗೆ ಬಂದು ವಕೀಲರೊಬ್ಬರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಸೇರಿಕೊಂಡಳು. ಸ್ವಿಟ್ಜರ್ಲೆಂಡಿನ ವ್ಯಾಪಾರಿಯೊಬ್ಬನನ್ನು ಹಲವು ವರ್ಷಗಳಿಂದ ಪ್ರೀತಿಸಿದ್ದಳು. ಆತ 1928ರಲ್ಲಿ ಬೇರೊಬ್ಬಳನ್ನು ಮದುವೆಯಾದ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಏಮಿ ಲಂಡನ್ನಿನ ಸ್ಟಾಗ್ ಲೇನ್ ಮೈದಾನದಲ್ಲಿ ವಿಮಾನ ಹಾರಿಸುವ ಪಾಠಕ್ಕೆ ಸೇರಿದಳು. ಒಂದಕ್ಕೊಂದು ತಳಕು ಹಾಕುವುದು ಜೀವನಚರಿತ್ರೆಕಾರರಿಗೆ ಸುಲಭ. ನಾನು ಅಷ್ಟು ದೂರ ಹೋಗಲಾರೆ. ಮನಸ್ಸಿನ ಲೆಕ್ಕಾಚಾರಕ್ಕೆ ಕಡತಗಳಿರುವುದಿಲ್ಲ.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಲೇಬೇಕು. ಅಂದು ವಿಮಾನ ಹಾರಿಸುವುದು ಶ್ರೀಮಂತರ ಹವ್ಯಾಸ. ಆದರೂ ಗುಮಾಸ್ತಿಕೆಯ ಸಂಬಳದಲ್ಲಿದ್ದ ಹುಡುಗಿಗೆ ಅದು ಎಟುಕಿದ್ದು ಬ್ರಿಟಿಷ್ ಸರ್ಕಾರ 1925ರಿಂದ ಲಘು ವಿಮಾನ ಕ್ಲಬ್ಬುಗಳಿಗೆ ಕೊಡುತ್ತಿದ್ದ ಸಹಾಯಧನದಿಂದ. ಸಹಾಯಧನವೆಂದರೆ ಖಜಾನೆಯ ಪೋಲು ಎಂದು ಮೂಗು ಮುರಿಯುವವರ ನಡುವೆಯೇ ನಾನು ಮೂರು ದಶಕ ಕೆಲಸ ಮಾಡಿದ್ದೇನೆ. ಅವರಿಗೆ ಈ ಉದಾಹರಣೆಯನ್ನು ಹೇಳಬಹುದಿತ್ತು ಎಂದು ಈಗ ಅನಿಸುತ್ತದೆ.

ಏಮಿ ಹುಟ್ಟು ಪೈಲಟ್ ಆಗಿರಲಿಲ್ಲ. ಕಲಿಕೆ ನಿಧಾನವಾಗಿತ್ತು, ನೆಲಕ್ಕಿಳಿಸುವ ಕೌಶಲವಂತೂ ಕೊನೆಯವರೆಗೂ ಆಕೆಯ ದುರ್ಬಲ ಅಂಗವಾಗಿಯೇ ಉಳಿಯಿತು. ಒಬ್ಬಳೇ ಹಾರಿದ್ದು 1929ರ ಜೂನ್‌ನಲ್ಲಿ; ಜುಲೈನಲ್ಲಿ ಲೈಸೆನ್ಸ್ ಕೈಸೇರಿತು. ಆದರೆ ಆಕೆ ಅಷ್ಟಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಕಚೇರಿಗೆ ಮುನ್ನ, ಸಂಜೆ ಕಚೇರಿಯ ನಂತರ ವಿಮಾನದ ಕೊಟ್ಟಿಗೆಗೆ ಹೋಗಿ, ಮೇಲಂಗಿ ತೊಟ್ಟು, ಎಂಜಿನ್ ಬಿಚ್ಚಿ ಜೋಡಿಸುವುದನ್ನು ಮೆಕ್ಯಾನಿಕ್‌ಗಳಿಂದ ಕಲಿತಳು. ಅದೇ ವರ್ಷ ನೆಲದ ಎಂಜಿನಿಯರ್ ಲೈಸೆನ್ಸ್ ಪಡೆದ ಮೊದಲ ಬ್ರಿಟಿಷ್ ಮಹಿಳೆ ಎನಿಸಿದಳು. ಮುಂದೆ ಮರುಭೂಮಿಯಲ್ಲೂ ಕಾಡಿನಂಚಿನಲ್ಲೂ ಆಕೆಯನ್ನು ಉಳಿಸಿದ್ದು ಹಾರಾಟದ ಚಾತುರ್ಯಕ್ಕಿಂತ ಹೆಚ್ಚಾಗಿ ಈ ಎಣ್ಣೆಗೈಯ ವಿದ್ಯೆಯೇ ಎಂಬುದು ನನ್ನ ಅಭಿಪ್ರಾಯ.

ಆಸ್ಟ್ರೇಲಿಯಾದ ಬರ್ಟ್ ಹಿಂಕ್ಲರ್ 1928ರಲ್ಲಿ ಇಂಗ್ಲೆಂಡಿನಿಂದ ಡಾರ್ವಿನ್‌ಗೆ ಹದಿನೈದೂವರೆ ದಿನಗಳಲ್ಲಿ ಒಂಟಿಯಾಗಿ ಹಾರಿ ದಾಖಲೆ ಮಾಡಿದ್ದ. ಆ ದಾಖಲೆಯನ್ನು ಮುರಿಯಬೇಕೆಂಬುದು ಏಮಿಯ ಹಂಬಲ. ಅಲ್ಲಿಯವರೆಗೆ ಆಕೆಯ ಅತಿ ದೀರ್ಘ ಹಾರಾಟವೆಂದರೆ ಲಂಡನ್‌ನಿಂದ ಹಲ್‌ನ ತವರಿಗೆ, ಇನ್ನೂರೈವತ್ತು ಕಿಲೋಮೀಟರ್‌ಗೂ ಕಡಿಮೆ. ಹಣಕ್ಕಾಗಿ ಬಹಳ ಕಡೆ ಅರ್ಜಿ ಹಾಕಿದಳು. ಬಹಳ ಕಡೆಯಿಂದ ನಿರಾಕರಣೆ ಬಂತು. ಕೊನೆಗೆ ಕೈಹಿಡಿದವರು ಇಬ್ಬರು: ಎಣ್ಣೆ ವ್ಯಾಪಾರದ ಲಾರ್ಡ್ ವೇಕ್‌ಫೀಲ್ಡ್ ಮತ್ತು ಮೀನು ವ್ಯಾಪಾರದ ಸ್ವಂತ ತಂದೆ. ಇಬ್ಬರ ಹಣ ಸೇರಿಸಿ 600 ಪೌಂಡ್‌ಗೆ ಒಂದು ಹಳೆಯ ಜಿಪ್ಸಿ ಮಾತ್ ವಿಮಾನವನ್ನು ಕೊಂಡಳು. ತಂದೆಯ ಮೀನಿನ ವ್ಯಾಪಾರದ ಮುದ್ರೆಯ ಹೆಸರಾಗಿದ್ದ ಜೇಸನ್ ಎಂಬುದನ್ನೇ ವಿಮಾನಕ್ಕೂ ಇಟ್ಟಳು.

ಆ ತಂದೆಯನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. 1976ರಲ್ಲಿ ನನ್ನ ಅಕ್ಕ ಧಾರವಾಡದಲ್ಲಿ ಅರ್ಥಶಾಸ್ತ್ರದ ಬಿ.ಎ. ಮುಗಿಸಿದಳು, ಒಳ್ಳೆಯ ಅಂಕಗಳಿದ್ದವು. ದೆಹಲಿಯಲ್ಲಿ ಎಂ.ಎ. ಓದಲು ಪ್ರವೇಶ ಸಿಕ್ಕಿದೆಯೆಂದು ಪತ್ರ ಬಂತು. ಅಪ್ಪ ಶಾಲಾ ಮಾಸ್ತರರು, ಮೃದು ಸ್ವಭಾವದವರು. ಅವರು ಬೇಡವೆನ್ನಲಿಲ್ಲ. ಪಿಯುಸಿ ಓದುತ್ತಿದ್ದ ನನ್ನನ್ನು ಕರೆದು, ಸ್ಟೇಷನ್ನಿನಿಂದ ರೈಲ್ವೆ ವೇಳಾಪಟ್ಟಿ ತಂದು ದೆಹಲಿಗೆ ಎಷ್ಟು ಹೊತ್ತಾಗುತ್ತದೆಂದು ಲೆಕ್ಕ ಹಾಕಲು ಹೇಳಿದರು. ಮೀಟರ್ ಗೇಜಿನ ಗಾಡಿಯಲ್ಲಿ ಮೀರಜಿನವರೆಗೆ, ಅಲ್ಲಿ ಬದಲಿಸಿ ಪುಣೆಯ ಕಡೆಗೆ, ಮತ್ತೆ ಬದಲಾವಣೆ. ನಡುವೆ ಕಾಯುವ ಹೊತ್ತು ಸೇರಿ ಮೂರು ದಿನವೆಂದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಕನ್ನಡಕ ತೆಗೆದಿಟ್ಟು, ಬಹಳ ದೂರವಾಯಿತು ಎಂದರು. ಅಕ್ಕ ಒಳಗೆ ಹೋದಳು. ಊರಿನ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಳಾದಳು. ಐದು ವರ್ಷದ ನಂತರ ಅದೇ ದೆಹಲಿಗೆ, ಅದೇ ಎಂ.ಎ. ಓದಲು ನಾನು ಹೊರಟಾಗ ಮನೆಯಲ್ಲಿ ಯಾರೂ ವೇಳಾಪಟ್ಟಿ ತೆರೆಯಲಿಲ್ಲ. ಮೀರಜಿನಲ್ಲಿ ಗಾಡಿ ಬದಲಿಸುವಾಗ ನನಗೂ ಅದು ನೆನಪಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

1930ರ ಮೇ 5ರ ಬೆಳಿಗ್ಗೆ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ನಿಲ್ದಾಣದಿಂದ ಏಮಿ ಹೊರಟಾಗ ಬೀಳ್ಕೊಡಲು ಬಂದಿದ್ದವರು ತಂದೆ ಮತ್ತು ಬೆರಳೆಣಿಕೆಯ ಗೆಳೆಯರು. ಇಂದಿನ ಹೀಥ್ರೂ ಆಗ ಇರಲಿಲ್ಲ; ಕ್ರಾಯ್ಡನ್ನೇ ಲಂಡನ್ನಿನ ಮುಖ್ಯ ವಿಮಾನ ನಿಲ್ದಾಣವಾಗಿತ್ತು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್‌ನಿಂದ ಮೇಲಿನ ಟ್ಯಾಂಕ್‌ಗೆ ಇಂಧನವನ್ನು ಹಾರುತ್ತಲೇ ಕೈಪಂಪಿನಿಂದ ಏರಿಸಬೇಕಿತ್ತು. ಅದರ ವಾಸನೆ ಮುಖಕ್ಕೇ ಹೊಡೆಯುತ್ತಿತ್ತು. ಒಡಲಿನ ಬದಿಗೆ ಹೆಚ್ಚುವರಿ ಪ್ರೊಪೆಲರ್ ಒಂದನ್ನು ಕಟ್ಟಿಕೊಂಡಿದ್ದಳು.

ಮೊದಲ ದಿನ ವಿಯೆನ್ನಾ, ಎರಡನೆಯ ದಿನ ಕಾನ್‌ಸ್ಟಾಂಟಿನೋಪಲ್, ಮೂರನೆಯ ದಿನ ಮೋಡ ಮುಚ್ಚಿದ ಟಾರಸ್ ಪರ್ವತಗಳ ಕಣಿವೆಯಲ್ಲಿ ಬಂಡೆಗೆ ಬಡಿಯುವುದನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಅಲೆಪ್ಪೊ. ನಾಲ್ಕನೆಯ ದಿನ ಬಾಗ್ದಾದಿಗೆ ಮೊದಲೇ ಮರಳ ಬಿರುಗಾಳಿ ಎದ್ದು ಮರುಭೂಮಿಯಲ್ಲಿ ಇಳಿಯಬೇಕಾಯಿತು. ಚಕ್ರಗಳಿಗೆ ಪೆಟ್ಟಿಗೆಗಳನ್ನು ಒತ್ತುಕೊಟ್ಟು, ಎಂಜಿನ್‌ಗೆ ಬಟ್ಟೆ ಹೊದಿಸಿ, ಗಾಳಿ ಅಡಗುವವರೆಗೂ ರಿವಾಲ್ವರ್ ಹಿಡಿದು ವಿಮಾನದ ಬಾಲದ ಮೇಲೆ ಕುಳಿತಿದ್ದಳಂತೆ. ಬಂದರ್ ಅಬ್ಬಾಸ್ ಮೂಲಕ ಆರನೆಯ ದಿನ, ಅಂದರೆ ಮೇ 10ರಂದು, ಕರಾಚಿ. ಹಿಂಕ್ಲರ್ ಭಾರತ ತಲುಪಲು ಎಂಟು ದಿನ ತೆಗೆದುಕೊಂಡಿದ್ದ. ಅಲ್ಲಿಯವರೆಗೆ ಈಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಬ್ರಿಟನ್ನಿನ ಪತ್ರಿಕೆಗಳು ಮರುದಿನದಿಂದ ಮುಖಪುಟದಲ್ಲಿ ಬೇರೆ ಸುದ್ದಿಯನ್ನೇ ಕಾಣದಂತಾದವು.

ಅಂದು ಭಾರತದ ಆಕಾಶ ಬರಿದಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದ್ದರು. ಅದೇ ಮೇ ತಿಂಗಳಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪಶ್ಚಿಮಕ್ಕೂ, ಬಹುಮಾನವನ್ನು ಗೆದ್ದ ಆಸ್ಪಿ ಎಂಜಿನಿಯರ್ ಎಂಬ ಹದಿಹರೆಯದ ಹುಡುಗ ಪೂರ್ವಕ್ಕೂ ಹಾರುತ್ತಿದ್ದರು. ಇವರು ಹಾರಿಸಿದ್ದೂ ಜಿಪ್ಸಿ ಮಾತ್ ವಿಮಾನಗಳನ್ನೇ. ಆಸ್ಪಿ ಮುಂದೆ 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಕರಾಚಿಯಿಂದ ಅಲಹಾಬಾದಿಗೆ ಹೊರಟ ಏಮಿಗೆ ಎದುರುಗಾಳಿಯಲ್ಲಿ ಪೆಟ್ರೋಲ್ ಮುಗಿಯುತ್ತ ಬಂತು. ಝಾನ್ಸಿಯ ಸೈನಿಕ ಕವಾಯತು ಮೈದಾನದಲ್ಲಿ ಇಳಿದಳು; ರೆಕ್ಕೆಗೆ ಪೆಟ್ಟಾಯಿತು. ಸ್ಥಳೀಯರ ನೆರವಿನಿಂದ ದುರಸ್ತಿ ಮಾಡಿಸಿಕೊಂಡು ಅಲಹಾಬಾದ್ ಮೂಲಕ ಮೇ 12ರಂದು ಕಲ್ಕತ್ತೆ ಸೇರಿದಳು. ಅಲ್ಲಿಯವರೆಗೂ ದಾಖಲೆ ಆಕೆಯ ಕೈಯಲ್ಲೇ ಇತ್ತು. ಕೈತಪ್ಪಿದ್ದು ಮರುದಿನ. ಮಳೆಯ ಮಬ್ಬಿನಲ್ಲಿ ರಂಗೂನಿನ ಕುದುರೆ ಪಂದ್ಯದ ಮೈದಾನವೆಂದು ತಿಳಿದು ಹತ್ತಿರದ ಇನ್ಸೀನ್‌ನ ತಾಂತ್ರಿಕ ಶಾಲೆಯ ಆಟದ ಬಯಲಿಗೆ ಇಳಿದಳು. ವಿಮಾನ ಓಡುತ್ತ ಹೋಗಿ ಚರಂಡಿಗೆ ಬಿತ್ತು. ಪ್ರೊಪೆಲರ್ ಮುರಿಯಿತು, ರೆಕ್ಕೆಯ ಬಟ್ಟೆ ಹರಿಯಿತು, ಚಕ್ರದ ಕಾಲು ಬಾಗಿತು. ಆ ಶಾಲೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಗಲಿರುಳು ದುಡಿದು ವಿಮಾನವನ್ನು ಮತ್ತೆ ನಿಲ್ಲಿಸಿದರು. ಮೊದಲ ಮಹಾಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಅಲ್ಲಿ ಅಂಗಿಗಳನ್ನು ಹೊಲಿಸಿದ್ದರಂತೆ. ಆ ಅಂಗಿಗಳನ್ನೇ ಬಿಚ್ಚಿ ರೆಕ್ಕೆಗೆ ಹೊಲಿದರು. ಕಟ್ಟಿಕೊಂಡು ಬಂದಿದ್ದ ಹೆಚ್ಚುವರಿ ಪ್ರೊಪೆಲರ್ ಕೆಲಸಕ್ಕೆ ಬಂತು. ಆದರೆ ದಿನಗಳು ಹೋದವು. ಅವುಗಳ ಜೊತೆ ದಾಖಲೆಯೂ ಹೋಯಿತು.

ಬ್ಯಾಂಕಾಕ್, ಸಿಂಗೋರಾ, ಸಿಂಗಪುರ. ಜಾವಾದಲ್ಲಿ ಕಬ್ಬಿನ ಎಸ್ಟೇಟೊಂದರಲ್ಲಿ ಇಳಿದಾಗ ನೆಟ್ಟ ಬಿದಿರು ಗೂಟಗಳು ರೆಕ್ಕೆಯನ್ನು ತೂತು ಮಾಡಿದವು. ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಪಟ್ಟಿಗಳನ್ನೇ ಅಂಟಿಸಿ ಹೊರಟಳು. ಟಿಮೋರ್ ದ್ವೀಪದಲ್ಲಿ ಹುತ್ತಗಳಿಂದ ತುಂಬಿದ ಬಯಲೊಂದರಲ್ಲಿ ಇಳಿದು ಒಂದು ರಾತ್ರಿ ಹೊರಜಗತ್ತಿಗೆ ಸುದ್ದಿಯೇ ಇಲ್ಲದಂತಾದಳು. ಲಂಡನ್ನಿನಲ್ಲಿ ಸತ್ತಳೆಂದೇ ಹಲವರು ನಂಬಿದರು. ಉಳಿದದ್ದು ಟಿಮೋರ್ ಸಮುದ್ರ. ಇಳಿಯಲು ಒಂದಂಗುಲ ನೆಲವಿಲ್ಲದ ಸುಮಾರು 750 ಕಿಲೋಮೀಟರ್ ನೀರು. ನಡುವೆ ಒಂದು ತೈಲ ಹಡಗು ಕಂಡಿತು. ದಾರಿ ಸರಿಯಿದೆಯೆಂದು ಧೈರ್ಯ ಬಂತು. ಮೇ 24ರ ಮಧ್ಯಾಹ್ನ ಡಾರ್ವಿನ್‌ನಲ್ಲಿ ಚಕ್ರ ನೆಲ ಮುಟ್ಟಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ ಏಮಿ ಎಂಬುದು ಅಂದಿನಿಂದ ಚರಿತ್ರೆ.

ನೇರ ದೂರ 13,900 ಕಿಲೋಮೀಟರ್ ಇರುವಲ್ಲಿ ಆಕೆ 18,000 ಹಾರಿದ್ದೇಕೆ? ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಗೋಲದ ಮೇಲೆ ದಾರ ಎಳೆದು ಹಿಡಿದಾಗ ಕಾಣುವ ಗೆರೆ. ಇಂದಿನ ವಿಮಾನಗಳು ಗಾಳಿ, ಗಡಿ, ಯುದ್ಧಗಳನ್ನು ನೋಡಿಕೊಂಡು ಸಾಧ್ಯವಾದಷ್ಟು ಆ ಗೆರೆಯ ಪಕ್ಕದಲ್ಲೇ ಹಾರುತ್ತವೆ. ಏಮಿಯ ಗೆರೆಯನ್ನು ಎಳೆದದ್ದು ಪೆಟ್ರೋಲು. ಎಲ್ಲಿ ಡಬ್ಬಿಗಳನ್ನು ಮುಂಚಿತವಾಗಿ ಇರಿಸಲಾಗಿತ್ತೋ ಅಲ್ಲಿಗೆ ಹೋಗಬೇಕು. ಎಲ್ಲಿ ನೆಲವಿದೆಯೋ ಅದರ ಮೇಲೆ ಹಾರಬೇಕು. ವಿಮಾನದ ಸಾಮಾನ್ಯ ವೇಗ ಗಂಟೆಗೆ 135 ಕಿಲೋಮೀಟರ್ ಆಸುಪಾಸು. ಈ ಲೆಕ್ಕದಲ್ಲಿ 18,000 ಕಿಲೋಮೀಟರಿಗೆ ಹೆಚ್ಚೆಂದರೆ 130–140 ಗಂಟೆ ಸಾಕು. ಹತ್ತೊಂಬತ್ತೂವರೆ ದಿನವೆಂದರೆ 468 ಗಂಟೆ. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕಾಲ ಆಕೆ ನೆಲದ ಮೇಲಿದ್ದಳು: ಎಣ್ಣೆ ಬದಲಿಸುತ್ತ, ಸ್ಪಾರ್ಕ್ ಪ್ಲಗ್ ಉಜ್ಜುತ್ತ, ರೆಕ್ಕೆ ಹೊಲಿಸುತ್ತ, ಮೂರು ಗಂಟೆ ನಿದ್ದೆ ಮಾಡುತ್ತ.

ಈ ದಾರಿಯೇ ಮುಂದೆ ಬಹುಕಾಲ ಉಳಿಯಿತು ಎಂಬುದು ಕುತೂಹಲಕರ. 1947ರಲ್ಲಿ ಕ್ವಾಂಟಾಸ್ ಸಿಡ್ನಿಯಿಂದ ಲಂಡನ್‌ಗೆ ವಿಮಾನ ಆರಂಭಿಸಿದಾಗ ಡಾರ್ವಿನ್, ಸಿಂಗಪುರ, ಕಲ್ಕತ್ತೆ, ಕರಾಚಿ, ಕೈರೊ, ಟ್ರಿಪೋಲಿಗಳಲ್ಲಿ ಇಳಿದು ನಾಲ್ಕು ದಿನ ತೆಗೆದುಕೊಳ್ಳುತ್ತಿತ್ತು. ಹೋಗಿಬರುವ ಟಿಕೆಟ್ಟಿಗೆ 585 ಪೌಂಡ್. ಏಮಿ ಕೊಂಡ ಇಡೀ ವಿಮಾನದ ಬೆಲೆಗೆ ಹದಿನೈದೇ ಪೌಂಡ್ ಕಡಿಮೆ. ನಡುವಿನ ವರ್ಷಗಳಲ್ಲಿ ಹಣದ ಮೌಲ್ಯ ಕುಸಿದಿತ್ತೆಂಬುದು ನಿಜವಾದರೂ ಹೋಲಿಕೆ ರಂಜಕವಾಗಿದೆ. ಆಸ್ಟ್ರೇಲಿಯಾದಿಂದ ಲಂಡನ್‌ಗೆ ಎಲ್ಲಿಯೂ ಇಳಿಯದೆ ಪ್ರಯಾಣಿಕರ ನಿತ್ಯದ ವಿಮಾನ ಹಾರಿದ್ದು 2018ರ ಮಾರ್ಚ್‌ನಲ್ಲಿ, ಪರ್ತ್‌ನಿಂದ.

ಡಾರ್ವಿನ್ ತಲುಪಿದ ಮೇಲಿನ ಏಮಿಯ ಬದುಕು ಕೀರ್ತಿಯ ಕಥೆ. ಅದನ್ನು ಬೇಗ ದಾಟಬಹುದು. ಡೈಲಿ ಮೇಲ್ ಪತ್ರಿಕೆ 10,000 ಪೌಂಡ್ ಕೊಟ್ಟಿತು. ದೊರೆ ಸಿ.ಬಿ.ಇ. ಗೌರವ ನೀಡಿದ. ಆಕೆಯ ಹೆಸರಿನಲ್ಲಿ ಹಾಡುಗಳು ಹುಟ್ಟಿದವು. ಆಗಸ್ಟ್‌ನಲ್ಲಿ ಲಂಡನ್‌ಗೆ ಮರಳಿದಾಗ ಬೀದಿಯ ಇಕ್ಕೆಲಗಳಲ್ಲಿ ಲಕ್ಷಾಂತರ ಜನ. ಆದರೆ ಬ್ರಿಸ್ಬೇನ್‌ನಲ್ಲಿ ಇಳಿಯುವಾಗ ವಿಮಾನ ಮಗುಚಿತ್ತು. ಮರಳಿದ ಮೇಲೆ ಪತ್ರಿಕೆ ಏರ್ಪಡಿಸಿದ್ದ ಸನ್ಮಾನ ಪ್ರವಾಸವನ್ನು ನರಗಳ ಬಳಲಿಕೆಯಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಂಟಿಯಾಗಿ ಮರುಭೂಮಿಯಲ್ಲಿ ಕುಳಿತವಳಿಗೆ ಜನಜಂಗುಳಿಯನ್ನು ತಾಳಲಾಗಲಿಲ್ಲ. 1931ರಲ್ಲಿ ಸಹಚಾಲಕ ಜ್ಯಾಕ್ ಹಂಫ್ರಿಸ್ ಜೊತೆ ಲಂಡನ್‌ನಿಂದ ಮಾಸ್ಕೋಗೆ ಒಂದೇ ದಿನದಲ್ಲಿ ಹಾರಿ, ಅಲ್ಲಿಂದ ಟೋಕಿಯೋಗೆ ಹೋದಳು.

1932ರಲ್ಲಿ ಜಿಮ್ ಮಾಲಿಸನ್ ಎಂಬ ಹೆಸರಾಂತ ಪೈಲಟ್‌ನನ್ನು ಮದುವೆಯಾದಳು. ಅದೇ ವರ್ಷದ ನವೆಂಬರ್‌ನಲ್ಲಿ ಲಂಡನ್–ಕೇಪ್‌ಟೌನ್ ಹಾರಾಟದಲ್ಲಿ ಗಂಡನ ದಾಖಲೆಯನ್ನೇ ಮುರಿದಳು. ಗಂಡ ಕುಡುಕ, ಸಂಸಾರ ಸುಖದ್ದಾಗಿರಲಿಲ್ಲ. 1933ರಲ್ಲಿ ಇಬ್ಬರೂ ಅಟ್ಲಾಂಟಿಕ್ ದಾಟಿ ಅಮೆರಿಕದ ಬ್ರಿಜ್‌ಪೋರ್ಟ್‌ನಲ್ಲಿ ಅಪಘಾತಕ್ಕೀಡಾಗಿ ಗಾಯಗೊಂಡರು. 1934ರ ಇಂಗ್ಲೆಂಡ್–ಮೆಲ್ಬರ್ನ್ ವಿಮಾನ ಪಂದ್ಯದಲ್ಲಿ ಇಬ್ಬರೂ ಇಪ್ಪತ್ತೆರಡು ಗಂಟೆಗಳಲ್ಲಿ ಕರಾಚಿ ತಲುಪಿದರು. ನಾಲ್ಕು ವರ್ಷದ ಹಿಂದೆ ಆರು ದಿನವಾಗಿದ್ದದ್ದು ಈಗ ಒಂದು ದಿನಕ್ಕೂ ಕಡಿಮೆ. ಆದರೆ ಅಲಹಾಬಾದಿನ ದಾರಿ ತಪ್ಪಿ ಜಬಲ್ಪುರದಲ್ಲಿ ಇಳಿದು, ಅಲ್ಲಿ ಸಿಕ್ಕ ಸಾಮಾನ್ಯ ಪೆಟ್ರೋಲು ತುಂಬಿಸಿಕೊಂಡದ್ದರಿಂದ ಎಂಜಿನ್ ಕೆಟ್ಟಿತು. ಮುಂಚೂಣಿಯಲ್ಲಿದ್ದವರು ಅಲಹಾಬಾದಿನಲ್ಲೇ ಪಂದ್ಯದಿಂದ ಹೊರಬಿದ್ದರು. 1936ರಲ್ಲಿ ಕೇಪ್‌ಟೌನ್ ದಾಖಲೆಯನ್ನು ಏಮಿ ಮತ್ತೊಮ್ಮೆ ಗೆದ್ದಳು, 1938ರಲ್ಲಿ ವಿಚ್ಛೇದನವಾಯಿತು. ನಡುವೆ 1935ರಿಂದ 1937ರವರೆಗೆ ಮಹಿಳಾ ಎಂಜಿನಿಯರುಗಳ ಸಂಘದ ಅಧ್ಯಕ್ಷೆಯಾಗಿದ್ದಳು. ಕೀರ್ತಿಗಿಂತ ಈ ಹುದ್ದೆ ಆಕೆಗೆ ಹೆಚ್ಚು ಒಪ್ಪುತ್ತಿತ್ತು ಎಂದು ನನಗೆ ತೋರುತ್ತದೆ. ಲಾಹೋರಿನಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ಹಾರಿಸಿದ್ದೂ ಇದೇ ಅವಧಿಯಲ್ಲಿ, 1936ರಲ್ಲಿ.

ದಾಖಲೆಗಳ ಯುಗ ಮುಗಿಯುತ್ತ ಬಂತು. ಸಾಮಾನ್ಯ ಪ್ರಯಾಣಿಕರೇ ಟಿಕೆಟ್ ಕೊಂಡು ಆಸ್ಟ್ರೇಲಿಯಾಕ್ಕೆ ಹಾರತೊಡಗಿದ ಮೇಲೆ ಒಂಟಿ ವೀರರಿಗೆ ಹಣ ಕೊಡುವವರು ಯಾರು? ಏಮಿ ಕೆಲಸ ಹುಡುಕಿದಳು. ಆಕೆಯ ಅನುಭವವಿದ್ದ ಗಂಡಸಿಗೆ ವಿಮಾನ ಸಂಸ್ಥೆಗಳಲ್ಲಿ ದೊಡ್ಡ ಹುದ್ದೆ ಕಾದಿರುತ್ತಿತ್ತು. 1939ರಲ್ಲಿ ಆಕೆಗೆ ಸಿಕ್ಕಿದ್ದು ಪೋರ್ಟ್ಸ್‌ಮತ್‌ನಿಂದ ಎದುರಿನ ಐಲ್ ಆಫ್ ವೈಟ್ ದ್ವೀಪಕ್ಕೆ ಕೆಲವೇ ನಿಮಿಷಗಳ ಹಾರಾಟ ನಡೆಸುವ ಸಣ್ಣ ಕಂಪನಿಯಲ್ಲಿ ಪೈಲಟ್ ಕೆಲಸ. ಅರ್ಧ ಭೂಮಿ ಸುತ್ತಿದವಳು ದೋಣಿಯ ಅಂಬಿಗನಂತೆ ದಿನವೆಲ್ಲ ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸಿದಳು.

ಯುದ್ಧ ಬಂದಾಗ, 1940ರಲ್ಲಿ, ವಿಮಾನಗಳನ್ನು ಕಾರ್ಖಾನೆಗಳಿಂದ ವಾಯುನೆಲೆಗಳಿಗೆ ಒಯ್ಯುವ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲರಿ ದಳಕ್ಕೆ ಸೇರಿದಳು. ಅಲ್ಲಿ ಮಹಿಳೆಯರ ವಿಭಾಗ ಎಂಟು ಮಂದಿಯಿಂದ ಆರಂಭವಾಗಿತ್ತು. ಕೆಲಸ ಒಂದೇ, ಅಪಾಯವೂ ಒಂದೇ. ಸಂಬಳ ಮಾತ್ರ ಗಂಡಸರಿಗಿಂತ ಶೇ 20ರಷ್ಟು ಕಡಿಮೆ. ಸಮಾನ ವೇತನ ಬಂದದ್ದು 1943ರಲ್ಲಿ. ಅದನ್ನು ಪಡೆಯಲು ಏಮಿ ಬದುಕಿರಲಿಲ್ಲ.

1941ರ ಜನವರಿ 5. ಸ್ಕಾಟ್ಲೆಂಡಿನಿಂದ ತಂದಿದ್ದ ಆಕ್ಸ್‌ಫರ್ಡ್ ಮಾದರಿಯ ತರಬೇತಿ ವಿಮಾನವೊಂದನ್ನು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ನಗರದ ಬಳಿಯ ಕಿಡ್ಲಿಂಗ್‌ಟನ್‌ಗೆ ಒಯ್ಯಬೇಕಿತ್ತು. ನೇರ ದೂರ ಸುಮಾರು 250 ಕಿಲೋಮೀಟರ್. ಅಂದರೆ ಡಾರ್ವಿನ್‌ಗೆ ಹೊರಡುವ ಮುನ್ನ ಆಕೆ ಹಾರಿದ್ದ ಲಂಡನ್–ಹಲ್ ದಾರಿಯಷ್ಟೇ. ಒಂದೂವರೆ ಗಂಟೆಯೊಳಗೆ ಮುಗಿಯಬೇಕಾದ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹಿಮ ಸುರಿಸುವ ದಟ್ಟ ಮೋಡದೊಳಕ್ಕೆ ಏರಿದಳು. ರೇಡಿಯೋ ಇಲ್ಲ, ಕೆಳಗೆ ಏನೂ ಕಾಣದು. ಮೂರೂವರೆಯ ಸುಮಾರಿಗೆ, ಹೋಗಬೇಕಾದ ಜಾಗದಿಂದ ಬಹುದೂರ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವಲ್ಲಿ, ಹರ್ನ್ ಬೇ ಊರಿನ ಎದುರಿಗೆ ಪ್ಯಾರಾಚೂಟ್ ಒಂದು ನೀರಿಗಿಳಿಯುವುದನ್ನು ನೌಕಾಪಡೆಯ ಹೇಸಲ್‌ಮಿಯರ್ ಹಡಗಿನವರು ಕಂಡರು. ಹತ್ತಿರ ಹೋದರೂ ಆಕೆಯನ್ನು ಎತ್ತಿಕೊಳ್ಳಲಾಗಲಿಲ್ಲ. ಹಡಗಿನ ನಾಯಕ ವಾಲ್ಟರ್ ಫ್ಲೆಚರ್ ಕೊರೆಯುವ ನೀರಿಗೆ ಹಾರಿದ. ಚಳಿಯಿಂದ ಆತನೂ ಆಸ್ಪತ್ರೆಯಲ್ಲಿ ಸತ್ತ. ಏಮಿಯ ದೇಹ ಸಿಗಲೇ ಇಲ್ಲ. ಆಗ ಆಕೆಗೆ ಮೂವತ್ತೇಳು ವರ್ಷ.

ಅಂದು ವಿಮಾನದಲ್ಲಿ ಇನ್ನೊಬ್ಬರಿದ್ದರೆ, ಬ್ರಿಟನ್ನಿನ ತೋಪುಗಳೇ ಗುರುತು ಸಿಗದೆ ಹೊಡೆದವೇ ಎಂದು ಇಂದಿಗೂ ವಾದಗಳಿವೆ. ನನಗೆ ಅವುಗಳಲ್ಲಿ ಆಸಕ್ತಿ ಕಡಿಮೆ. ಆ ಮೂರೂವರೆ ಗಂಟೆಗಳಲ್ಲಿ ಬಹುಪಾಲು ಆಕೆ ಮೋಡದ ಮೇಲೆ, ಇಳಿಯಲು ಒಂದು ಕಿಂಡಿ ಹುಡುಕುತ್ತ, ಪೆಟ್ರೋಲ್ ಮುಗಿಯುವವರೆಗೂ ಸುತ್ತಿರಬೇಕೆಂದು ನನ್ನ ಊಹೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಹಾರಿ ಬಂದಾಗ, ಪತ್ರಿಕೆಗಳು ಆ ಎರಡು ಊರುಗಳ ನೇರ ದೂರ 13,993 ಕಿಲೋಮೀಟರ್ ಎಂದು ಬರೆದಿದ್ದವು. ಲಂಡನ್–ಡಾರ್ವಿನ್‌ನಷ್ಟೇ ಎಂದು ನಾನು ಅಂದೇ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೆ. ಆ ತುಣುಕನ್ನು ಕತ್ತರಿಸಿ ಅಕ್ಕನಿಗೆ ಕಳುಹಿಸಿದ್ದೂ ನೆನಪಿದೆ. ಆಕೆ ಅದರ ಬಗ್ಗೆ ಏನೂ ಹೇಳಿರಲಿಲ್ಲ.

ನಿನ್ನೆ ಮತ್ತೆ ಫೋನ್ ಬಂತು. ಟಿಕೆಟ್ ಆಗಿದೆ. ನಾನೂ ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ ಬೇಡವೆಂದಳು. ಸಿಂಗಪುರದಲ್ಲಿ ವಿಮಾನ ಬದಲಿಸುವಾಗ ಎಷ್ಟು ಹೊತ್ತು ಸಿಗುತ್ತದೆ, ಸಾಮಾನು ತಾನೇ ಎತ್ತಿಕೊಳ್ಳಬೇಕೇ ಎಂದೆಲ್ಲ ಕೇಳಿ ಬರೆದುಕೊಂಡಳು. ಏಮಿಯ ವಿಷಯವನ್ನು ನಾನು ಹಿಂದೆಯೇ ಹೇಳಿದ್ದೆನಾದ್ದರಿಂದ, ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇಟ್ಟಳು: ಟಿಮೋರ್ ಸಮುದ್ರ ಬರುವ ಹೊತ್ತಿಗೆ ಬೆಳಕಿರುತ್ತದೆಯೇ, ಕಾಣಬೇಕಾದರೆ ಯಾವ ಬದಿಯ ಕಿಟಕಿ ಕೇಳಬೇಕು. ನಾನು ವಿಮಾನದ ವೇಳಾಪಟ್ಟಿಯನ್ನು ತೆರೆದುಕೊಂಡು ಕುಳಿತಿದ್ದೇನೆ.